ಡಿಲ್ಲಿ ಪೆಟ್ಟಿಗೆಯ ಚಾಂದ್ ಬಿ

ಶಿರಾದ ಚಾಂದ್ ಬಿ ತುಮಕೂರು ದಾಟಿ ಆಚೆಗೆ ಹೋದವಳಲ್ಲ. ಆದರೂ ಹಿಮಾಲಯದಿಂದ ಕನ್ಯಾಕುಮಾರಿಯವರೆಗಿನ ದೇಶವೆಲ್ಲ ಅವಳ ಬಾಯಲ್ಲಿತ್ತು. ಅವಳ ಗಂಡ ನಬೀ ಸಾಬ್ ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕಿದ್ದಾಗ ಒಬ್ಬ ಮುದುಕನಿಂದ ಕೊಂಡು ತಂದ ಮರದ ಪೆಟ್ಟಿಗೆಯೊಂದು ಅವರ ಮನೆಯಲ್ಲಿತ್ತು. ಮುಂಭಾಗದಲ್ಲಿ ಸಾಲಾಗಿ ದುಂಡು ಕಿಂಡಿಗಳು, ಕಿಂಡಿಗೊಂದು ಭೂತಗನ್ನಡಿ, ಕನ್ನಡಿಯ ಸುತ್ತ ಹಿತ್ತಾಳೆಯ ಕಟ್ಟು. ಒಳಗೆ ಬಟ್ಟೆಗೆ ಅಂಟಿಸಿದ ಬಣ್ಣದ ಚಿತ್ರಗಳ ಸುರುಳಿ. ಪಕ್ಕದ ಹಿಡಿ ತಿರುಗಿಸಿದರೆ ಒಂದಾದ ಮೇಲೊಂದು ಊರು ಕಣ್ಣೆದುರು ಹಾದುಹೋಗುತ್ತಿತ್ತು. ಮೊದಲು ಹಿಮದ ಬೆಟ್ಟ, ಆಮೇಲೆ ಕಾಶಿಯ ಮೆಟ್ಟಿಲು, ಆಗ್ರಾದ ತಾಜಮಹಲು, ದಿಲ್ಲಿಯ ಕೆಂಪು ಕೋಟೆ, ಮರಳುಗಾಡಿನ ಒಂಟೆಗಳು, ಅಜ್ಮೀರದ ದರ್ಗಾ, ಕಲ್ಕತ್ತೆಯ ಕಬ್ಬಿಣದ ಸೇತುವೆ, ಬೊಂಬಾಯಿಯ ಸಮುದ್ರ, ಮೈಸೂರಿನ ಅರಮನೆ, ಕೊನೆಗೆ ಕನ್ಯಾಕುಮಾರಿ. ಹಳ್ಳಿಯವರು ಅದನ್ನು ಡಿಲ್ಲಿ ಪೆಟ್ಟಿಗೆ ಎನ್ನುತ್ತಿದ್ದರು.

ನಬೀ ಸಾಬ್ ಬದುಕಿರುವಷ್ಟು ಕಾಲ ಅದನ್ನು ಹೊತ್ತು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಊರೂರು ತಿರುಗಿದ. ಅವನು ಕೆಮ್ಮಿನಲ್ಲಿ ತೀರಿಕೊಂಡ ಮೇಲೆ ಪೆಟ್ಟಿಗೆ ಒಂದಷ್ಟು ದಿನ ಅಟ್ಟದ ಮೇಲೆ ದೂಳು ತಿಂದಿತು. ಮಗಳು ಜಹೀದಾಳ ಮದುವೆ ಇನ್ನೂ ಆಗಿರಲಿಲ್ಲ. ಚಾಂದ್ ಬಿ ಒಂದು ದಿನ ಪೆಟ್ಟಿಗೆಯನ್ನು ಕೆಳಗಿಳಿಸಿದಳು. ನೆಂಟರು ಮುಖ ಸಿಂಡರಿಸಿದರು. ಹೆಂಗಸೊಬ್ಬಳು ಪೆಟ್ಟಿಗೆ ಹೊತ್ತುಕೊಂಡು ಕಂಡವರ ಊರಲ್ಲಿ ಕೂಗುವುದೇ ಎಂದರು. ಅವಳು ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಸಿಂಬಿಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಹೊರಟಳು.

ಗಂಡ ಕೂಗುತ್ತಿದ್ದ ಮಾತುಗಳೆಲ್ಲ ಅವಳಿಗೆ ಬರುತ್ತಿದ್ದವು. ದೇಶ ಎಂದರೆ ಆ ಸುರುಳಿ ಇದ್ದಂತೆಯೇ ಇರುತ್ತದೆ ಎಂದು ಅವಳು ನಂಬಿದ್ದಳು. ಕಾಶಿ ಮುಗಿದ ಕಡೆ ಆಗ್ರಾ, ಸೇತುವೆ ಮುಗಿದ ಕಡೆ ಸಮುದ್ರ. ನಡುವೆ ಅಂಟು ಹಾಕಿದ ಬಿಳಿ ಗೆರೆ ಬಿಟ್ಟರೆ ಬೇರೇನೂ ಇಲ್ಲ.

ಅವಳ ಮುಖದ ತುಂಬ ಸಿಡುಬಿನ ಕುಳಿಗಳಿದ್ದವು. ಹುಡುಗಿಯಾಗಿದ್ದಾಗ ಬಂದು ಬಿಟ್ಟುಹೋದದ್ದು. ಅದೇ ಕಾಯಿಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತೆ ಬಂದು ಅವಳ ಚೊಚ್ಚಲ ಗಂಡುಮಗುವನ್ನು ತೆಗೆದುಕೊಂಡು ಹೋಗಿತ್ತು. ಆ ಕಾಯಿಲೆಯ ಹೆಸರನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾಗಿ ಬಂದರೆ 'ಅದು' ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತಮೂರನೆಯ ಇಸವಿ, ರಂಜಾನ್ ಹಬ್ಬ ಮುಗಿದು ಬಿಸಿಲು ಏರತೊಡಗಿತ್ತು. ಅಷ್ಟರಲ್ಲಿ ಜಹೀದಾ ಮದುವೆಯಾಗಿ, ಬಾಣಂತನಕ್ಕೆ ತವರಿಗೆ ಬಂದು ಗಂಡುಮಗು ಹೆತ್ತಿದ್ದಳು. ಚಾಂದ್ ಬಿ ಮೊಮ್ಮಗನ ಹಣೆಗೆ ಮುತ್ತಿಟ್ಟು, ಮಧುಗಿರಿಯ ಮೇಲೆ ಬಸ್ಸಿನಲ್ಲಿ ಬಂದು ಮಿಡಿಗೇಶಿಯ ಹತ್ತಿರ ಇಳಿದಳು. ಅಲ್ಲಿಂದ ಒಳದಾರಿ ಹಿಡಿದು ಕರೇಕಲ್ಲಹಟ್ಟಿ ಎಂಬ ಚಿಕ್ಕ ಊರಿಗೆ ಬಂದು ಹೊಂಗೆಮರದ ಕೆಳಗೆ ಪೆಟ್ಟಿಗೆ ಇಳಿಸಿದಳು.

ಆ ವರ್ಷ ಎಲ್ಲರಿಗೂ ಹಿಮಾಲಯವೇ ಬೇಕು. ಚೀನಾದವರು ಬಂದು ಹೋದ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿತ್ತು.

"ಈ ಗುಡ್ಡ ಅತ್ತೇ ಬಂದ್ರಂತಲ್ಲ ಬೂಬಮ್ಮ, ಎತ್ಲಾಗಿಂದ ಬಂದ್ರು?" ಎಂದು ಒಬ್ಬ ಮುದುಕ ಕಿಂಡಿಗೆ ಕಣ್ಣಿಟ್ಟುಕೊಂಡೇ ಕೇಳಿದ.

"ಎಡಗಡೆಯಿಂದ ಕಣಪ್ಪ" ಎಂದಳು ಚಾಂದ್ ಬಿ. ಅವಳಿಗೂ ಗೊತ್ತಿರಲಿಲ್ಲ.

"ಬೆಳ್ಳಗೈತಲ್ಲ, ಸುಣ್ಣವಾ?"

"ನೀರು ಕಣಪ್ಪ. ಚಳಿಗೆ ಎಪ್ಪುಗಟ್ಟಿದ ನೀರು."

ನೀರು ಎಂದಾಗ ಸುತ್ತ ನಿಂತವರೆಲ್ಲ ಕಿಂಡಿಗಳಿಗೆ ಮುಗಿಬಿದ್ದರು. ಅಷ್ಟು ನೀರನ್ನು ಯಾರಿಗೂ ಉಪಯೋಗವಿಲ್ಲದಂತೆ ಬೆಟ್ಟದ ಮೇಲಿಟ್ಟಿರುವುದು ಅವರಿಗೆ ನಂಬಲಾಗದ ಮಾತು.

ಹೊತ್ತು ಇಳಿಯುತ್ತಿದ್ದಾಗ ಲಕ್ಕಮ್ಮ ಎಂಬ ಹೆಂಗಸು ಸೀರೆಯಲ್ಲಿ ಸುತ್ತಿದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಮುಖಕ್ಕೆಲ್ಲ ಅರಿಸಿನ, ಬೇವು ಅರೆದು ಬಳಿದಿತ್ತು.

"ನಮ್ಮ ಕೂಸೂ ಒಂದ್ಸಲ ನೋಡ್ಲಿ ಬೂಬಮ್ಮ. ನೀನು ಕೂಗಿದ್ದು ಕೇಳಿ ಒಂದೇ ಸಮ್ನೆ ಅಳ್ತಾವ್ಳೆ."

"ಏನಾಗೈತೆ ಮಗೀಗೆ?"

"ಏನಿಲ್ಲ ಕಣಮ್ಮ, ಸೆಕೆಗೆ ಗುಳ್ಳೆ ಎದ್ದಿದ್ವು. ಎಲ್ಲಾ ಒಣಗೋದ್ವು."

ಚಾಂದ್ ಬಿಯ ಕೈ ಹಿಡಿಯ ಮೇಲೆ ಒಂದು ಗಳಿಗೆ ನಿಂತಿತು. ಸಂಜೆಯ ಬೆಳಕು ಮಬ್ಬಾಗಿತ್ತು. ಮಗು ಆಗಲೇ ಮುಖವನ್ನು ಕಿಂಡಿಗೆ ಒತ್ತಿಕೊಂಡಿತ್ತು. "ಅವ್ವಾ, ಉದ್ದನ್ ಕತ್ತಿನ್ ದನ!" ಎಂದು ಒಂಟೆ ನೋಡಿ ಕೂಗಿತು. ತಾಯಿಯ ಮುಖ ಅರಳಿತು. ಚಾಂದ್ ಬಿ ಸುರುಳಿಯನ್ನು ಹಿಂದಕ್ಕೆ ಸುತ್ತಿ ಒಂಟೆಯನ್ನು ಇನ್ನೊಂದು ಸಲ ತೋರಿಸಿದಳು.

ಮಾರನೆಯ ದಿನ ಅವಳು ಹುಣಸೇಕಟ್ಟೆಯಲ್ಲಿದ್ದಳು. ಆ ಊರಿನಲ್ಲಿ ಹನುಮಕ್ಕ ಎಂಬ ಒಕ್ಕಲುಗಿತ್ತಿ ನಬೀ ಸಾಬನ ಕಾಲದಿಂದಲೂ ಪೆಟ್ಟಿಗೆಯವರಿಗೆ ಜಗಲಿ ಬಿಟ್ಟುಕೊಡುತ್ತಿದ್ದಳು. ಊರಿನ ಮಕ್ಕಳೆಲ್ಲ ಕಡಲೆಕಾಯಿಯನ್ನೋ ರಾಗಿಯನ್ನೋ ಬೊಗಸೆಯಲ್ಲಿ ಹಿಡಿದು ಬಂದರು. ಹನುಮಕ್ಕನ ಮೊಮ್ಮಗಳು ಇಂದ್ರಿ ಎಲ್ಲರನ್ನೂ ತಳ್ಳಿ ಮೊದಲ ಕಿಂಡಿ ಹಿಡಿದಳು. ಕೊನೆಯ ಮನೆಯ ದಾಸಮ್ಮ ತನ್ನ ಎಳೆಗೂಸನ್ನೂ ಎತ್ತಿ ಕಿಂಡಿಗೆ ಹಿಡಿದಳು. "ನಮ್ ಧಣೀನೂ ಡಿಲ್ಲಿ ನೋಡ್ಲಿ" ಎಂದು ನಕ್ಕಳು. ಕೂಸು ಹಿತ್ತಾಳೆಯ ಕಟ್ಟನ್ನು ನಾಲಿಗೆಯಿಂದ ನೆಕ್ಕಿತು. ಎಲ್ಲರೂ ನಕ್ಕರು. ಚಾಂದ್ ಬಿಯೂ ನಕ್ಕಳು.

ಮರುದಿನ ಬೆಳಗ್ಗೆ ಜಗಲಿಯ ಮೇಲೆ ಬಿಸಿಲಿಗೆ ಪೆಟ್ಟಿಗೆ ಇಟ್ಟುಕೊಂಡು ಅವಳು ಕನ್ನಡಿಗಳನ್ನು ಒರೆಸುತ್ತಿದ್ದಳು. ಹಿತ್ತಾಳೆಯ ಕಟ್ಟಿನ ಸಂದಿಯಲ್ಲಿ ಏನೋ ಕಪ್ಪಗೆ ಸಿಕ್ಕಿಕೊಂಡಿತ್ತು. ಕಡ್ಡಿಯಿಂದ ಮೀಟಿದಳು. ಅದು ಬಿಳಿ ಬಟ್ಟೆಯ ಮೇಲೆ ಬಿತ್ತು. ಅವರೆಬೇಳೆಯ ಸಿಪ್ಪೆಯಷ್ಟು ಅಗಲದ, ನಡುವೆ ತಗ್ಗಿದ್ದ ಒಂದು ಹಕ್ಕಳೆ.

ತನ್ನ ಮಗನ ಮೈಯಿಂದ ಅಂಥವು ಉದುರುತ್ತಿದ್ದುದನ್ನು ಅವಳು ಸೆರಗಿನಲ್ಲಿ ಎತ್ತಿ ಎತ್ತಿ ಒಲೆಗೆ ಹಾಕಿದ್ದಳು. ನೋಡಿದ ಮೇಲೆ ಇದೇನಿರಬಹುದು ಎಂದು ಕೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಅವಳನ್ನು ಕಂಡು ಎತ್ತು ನಿಲ್ಲಿಸಿದ. "ಕರೇಕಲ್ಲಹಟ್ಟಿ ಕಡೀಕೆ ಓಗ್ಬೇಡ ಬೂಬಮ್ಮ. ಅಮ್ಮ ಬಂದ್ಬುಟ್ಟವ್ಳೆ. ಬಾಗ್ಲಿಗೆಲ್ಲ ಬೇವಿನ್ಸೊಪ್ಪು ಕಟ್ಟವ್ರೆ. ಲಕ್ಕಮ್ಮನ ಮನೇಲೇ ಮೊದ್ಲಂತೆ, ಮುಚ್ಚಿಟ್ಟಿದ್ರಂತೆ."

ಗಾಡಿ ಹೋಯಿತು. ಒಳಗೆ ಹನುಮಕ್ಕ ರಾಗಿ ಬೀಸುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಇಂದ್ರಿ ಗೋಲಿಯಾಡುತ್ತಿದ್ದಳು. ಚಾಂದ್ ಬಿ ಬಟ್ಟೆಯನ್ನು ಮಡಿಚಿ ಹನುಮಕ್ಕನ ಹಿತ್ತಲಿನ ಒಲೆಗೆ ತುರುಕಿದಳು. ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿದಳು. ಹೋಗಿ ಬರುತ್ತೇನೆ ಎಂದೂ ಹೇಳದೆ ಊರು ಬಿಟ್ಟಳು.

ದಾರಿಯುದ್ದಕ್ಕೂ ಅವಳ ತಲೆ ಓಡುತ್ತಿತ್ತು. ನನಗೆ ಗೊತ್ತಿಲ್ಲ ಎಂದರೆ ಯಾರು ಕೇಳುತ್ತಾರೆ? ಪಾವಗಡದ ಕಡೆ ಹೋಗಿಬಿಟ್ಟರೆ, ನಿಡುಗಲ್ಲಿನ ಬೆಟ್ಟದ ಆಚೆ, ಅಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಹೇಳಿದರೆ? ಮುಸಲ್ಮಾನರ ಹೆಂಗಸು ಊರಿಗೆ ಅಮ್ಮನನ್ನು ಹೊತ್ತು ತಂದಳು ಎಂದರೆ ಹೊಡೆದು ಕೊಂದರೂ ಬಿಡಿಸಿಕೊಳ್ಳುವವರಿಲ್ಲ.

ಮಿಡಿಗೇಶಿಯಲ್ಲಿ ಬಸ್ಸು ನಿಲ್ಲುವ ಕಡೆ ಅವಳು ಪೆಟ್ಟಿಗೆ ಇಳಿಸಿ ನಿಂತಳು. ಮಧುಗಿರಿಯ ಬಸ್ಸು ಬಂತು. ಕಂಡಕ್ಟರು ಮೇಲಿನಿಂದ ಹಗ್ಗ ಎಸೆದು "ಪೆಟ್ಟಿಗೆ ಕೊಡಮ್ಮ" ಎಂದ. ಅವಳ ಕಣ್ಣಿಗೆ ಕಂಡದ್ದು ಕಿಟಕಿಯೊಳಗೆ ತಾಯಂದಿರ ಮಡಿಲಲ್ಲಿದ್ದ ಮಕ್ಕಳು. ಆಮೇಲೆ ಶಿರಾದ ಮನೆಯಲ್ಲಿ ಜಹೀದಾಳ ಪಕ್ಕದಲ್ಲಿ ಮಲಗಿದ್ದ ಕೂಸು ಕಂಡಿತು. ಇದೇ ಸೀರೆಯಲ್ಲಿ, ಇದೇ ಕೈಯಲ್ಲಿ ಹೋಗಿ ಅದನ್ನು ಎತ್ತಿಕೊಳ್ಳಬೇಕು. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಬಸ್ಸು ದೂಳೆಬ್ಬಿಸಿ ಹೋಯಿತು. ಪಾವಗಡದ ಕಡೆಯ ಬಸ್ಸೂ ಬಂದು ಹೋಯಿತು. ಅದನ್ನೂ ಹತ್ತಲಾಗಲಿಲ್ಲ.

ಆಗ ಯಾರದೋ ಮಗುವೊಂದು ಬಂದು ಚಾದರ ಸರಿಸಿ ಕಿಂಡಿಗೆ ಕೈ ಹಾಕಿತು. ಚಾಂದ್ ಬಿ ಚೀರಿದಳು. ಮಗುವಿನ ಕೈಗೆ ಪಟ್ಟನೆ ಹೊಡೆದಳು. ಮಗು ಬಿಕ್ಕಿ ಬಿಕ್ಕಿ ಅತ್ತಿತು, ಅದರ ತಾಯಿ ಬೈಯುತ್ತ ಓಡಿಬಂದಳು. "ಕೈ ತೊಳಿ ತಾಯಿ, ಮೊದ್ಲು ಅದರ ಕೈ ತೊಳಿ" ಎಂದು ಚಾಂದ್ ಬಿ ಗೋಗರೆದಳು. ಜನ ಅವಳನ್ನು ಹುಚ್ಚಿಯೆಂಬಂತೆ ನೋಡಿದರು. ಇನ್ನು ಈ ಪೆಟ್ಟಿಗೆಯನ್ನು ಎತ್ತಿಕೊಂಡು ಬೇರೆ ಎಲ್ಲಿಗೂ ಹೋಗುವಂತಿಲ್ಲ ಎಂದು ಅವಳಿಗೆ ಆ ಕ್ಷಣದಲ್ಲಿ ಖಚಿತವಾಯಿತು.

ದಾಕು ಹಾಕುವವರು ಎಲ್ಲಿದ್ದಾರೆ ಎಂದು ವಿಚಾರಿಸಿದಳು. ಹಳ್ಳಿಗಳಲ್ಲಿ ಸಿಡುಬಿನ ಲಸಿಕೆಯನ್ನು ಹಾಗೆನ್ನುತ್ತಿದ್ದರು. ಸಂಜೀವಯ್ಯ ಎಂಬ ಸರಕಾರದ ನೌಕರ ಮಿಡಿಗೇಶಿಯ ಚಾವಡಿಯಲ್ಲೇ ತಂಗಿದ್ದ. ಬಡಕಲು ಮೈಯ, ಚೀಲ ನೇತುಹಾಕಿದ ಸೈಕಲ್ಲಿನ ಮನುಷ್ಯ. ಕರೇಕಲ್ಲಹಟ್ಟಿಯ ಸುದ್ದಿ ಅವನಿಗೂ ತಲುಪಿತ್ತು. ಆದರೆ ಹೋದ ವರ್ಷ ಒಂದು ಊರಿನವರು ಅವನ ಮೇಲೆ ನಾಯಿ ಬಿಟ್ಟಿದ್ದರು. ಮೀನಖಂಡದಲ್ಲಿ ಇನ್ನೂ ಹಲ್ಲಿನ ಗುರುತಿತ್ತು. ಜೊತೆಗೆ ಯಾರಾದರೂ ಬರಲಿ ಎಂದು ಅವನು ಕಾಯುತ್ತ ಕುಳಿತಿದ್ದ.

ಚಾಂದ್ ಬಿ ದೂರದಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಸಂಜೀವಯ್ಯ ಬೆರಳೆಣಿಸುತ್ತ ಕೇಳಿದ.

"ಹುಣಸೇಕಟ್ಟೇಲಿ ತೋರಿಸಿದ್ದು ಯಾವಾಗ?"

"ನಿನ್ನೆ ಸಾಮಿ."

"ಹಾಗಾದ್ರೆ ಇನ್ನೂ ಕಾಲ ಇದೆ. ಮೈಗೆ ಹತ್ತಿದ್ರೂ ಮೂರು ದಿನದೊಳಗೆ ದಾಕು ಬಿದ್ರೆ ಬಹಳ ಮಟ್ಟಿಗೆ ತಡೀತದೆ." ಅವನು ಎದ್ದು ನಿಂತ, ಮತ್ತೆ ಕುಳಿತ. "ಆದ್ರೆ ನನ್ನ ಸೈಕಲ್ ಕಂಡ್ರೆ ಸಾಕು, ಮಕ್ಕಳನ್ನ ಎತ್ಕೊಂಡು ಹೊಲಕ್ಕೆ ಓಡ್ತಾರಮ್ಮ. ಯಾರು ತೋಳು ಕೊಡ್ತಾರೆ?"

"ನಾನು ಬತ್ತೀನಿ."

"ನಿನ್ನಿಂದ ಬಂತು ಅಂತ ಗೊತ್ತಾದ್ರೆ?"

ಚಾಂದ್ ಬಿ ಪೆಟ್ಟಿಗೆಗೆ ಚಾದರವನ್ನು ಇನ್ನೊಂದು ಸುತ್ತು ಸುತ್ತಿ ತಲೆಯ ಮೇಲಿಟ್ಟುಕೊಂಡಳು.

ಹುಣಸೇಕಟ್ಟೆಗೆ ಅವರು ಹೋದಾಗ ನೆತ್ತಿಯ ಮೇಲೆ ಬಿಸಿಲಿತ್ತು. ಊರಿನ ಯಜಮಾನ ಓಬಳಯ್ಯ ಅರಳಿಕಟ್ಟೆಯ ಮೇಲೆ ಕುಳಿತಿದ್ದ. ಸಂಜೀವಯ್ಯ ಬಾಯಿ ತೆರೆಯುವ ಮೊದಲೇ ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಒಂದೊಂದೇ ಬಾಗಿಲಿನ ಅಗುಳಿ ಬೀಳುವ ಸದ್ದು ಬೀದಿಯಲ್ಲಿ ಕೇಳಿಸಿತು.

"ನಮ್ಮೂರಿಗೆ ಏನೂ ಬಂದಿಲ್ಲ. ಬರದೇ ಇರೋ ಅಮ್ಮನ್ನ ನೀವು ಯಾಕ್ ಸ್ವಾಮಿ ಕೆಣಕ್ತೀರಿ? ಓಗಿ" ಎಂದ ಓಬಳಯ್ಯ.

ಸಂಜೀವಯ್ಯ ಸೈಕಲ್ಲಿನ ಹಿಡಿಯನ್ನು ಬಿಗಿಯಾಗಿ ಹಿಡಿದ. ಅವನು ಹಿಂದಿರುಗುವುದರಲ್ಲಿದ್ದ. ಚಾಂದ್ ಬಿ ಪೆಟ್ಟಿಗೆಯನ್ನು ಕಟ್ಟೆಯಿಂದ ದೂರ ಇಳಿಸಿದಳು. ಓಬಳಯ್ಯನ ಕಡೆ ತಿರುಗಿ ಹೇಳಿದಳು.

"ಬಂದೈತೆ ಯಜಮಾನ್ರೇ. ನನ್ನ ಪೆಟ್ಟಿಗೇಲೇ ಬಂದೈತೆ."

ಕರೇಕಲ್ಲಹಟ್ಟಿಯ ಮಗು, ಹಕ್ಕಳೆ, ಎಲ್ಲವನ್ನೂ ಹೇಳಿದಳು. ಜನ ಸೇರಿದರು. ಮುಚ್ಚಿದ ಬಾಗಿಲುಗಳು ಅರ್ಧ ತೆರೆದವು. ಆಮೇಲೆ ಎಲ್ಲಿಂದಲೋ ಬಂದ ಕಲ್ಲೊಂದು ಅವಳ ಭುಜಕ್ಕೆ ಬಡಿಯಿತು. ಇನ್ನೊಂದು ಪೆಟ್ಟಿಗೆಗೆ ಬಡಿದು ಕನ್ನಡಿ ಒಡೆಯಿತು. "ಕಡ್ದಾಕ್ರಲೇ ಅವ್ಳನ್ನ!" ಎಂದು ಯಾರೋ ಕೂಗಿದರು. ಹನುಮಕ್ಕ ಜನರನ್ನು ಸೀಳಿಕೊಂಡು ಮುಂದೆ ಬಂದಳು. ಅವಳ ಕಣ್ಣುಗಳು ಕೆಂಪಗಿದ್ದವು.

"ಬೆಳಗ್ಗೇನೆ ಗೊತ್ತಿತ್ತಾ ನಿಂಗೆ? ನನ್ನ ಜಗ್ಲಿ ಮೇಲೆ ಕುಂತಿರುವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ತಾಯಿ. ಎದ್ರಿ ಓಡೋದೆ."

"ಮತ್ಯಾಕ್ ಬಂದೆ?"

"ಬಸ್ಸು ಅತ್ತೋಕಾಗ್ಲಿಲ್ಲ."

ಹನುಮಕ್ಕ ಅವಳನ್ನು ಹೊಡೆಯಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದಳು. ಓಬಳಯ್ಯ ಎದ್ದು ನಿಂತು ಕೈಯೆತ್ತಿದ. "ಯಾರೂ ಅವ್ಳನ್ನ ಮುಟ್ಬೇಡ್ರಿ. ಮೊದ್ಲು ಆ ಪೆಟ್ಟಿಗೆ ಸುಡ್ರಿ."

ಚಾಂದ್ ಬಿಯೇ ಸೀಮೆಎಣ್ಣೆ ಕೇಳಿ ತೆಗೆದುಕೊಂಡಳು. ಬೇರೆ ಯಾರ ಕೈಯೂ ಅದಕ್ಕೆ ತಾಗಬಾರದು. ಊರಾಚೆಯ ಬಂಡೆಯ ಮೇಲೆ ಪೆಟ್ಟಿಗೆ ಇಟ್ಟು ಕಡ್ಡಿ ಗೀರಿದಳು. ಒಣಗಿದ ಮರ ಧಗ್ಗನೆ ಹತ್ತಿಕೊಂಡಿತು. ಸುರುಳಿ ಬಿಚ್ಚಿಕೊಂಡು ಹೊರಗೆ ಉರುಳಿತು. ಕನ್ಯಾಕುಮಾರಿ ಮೊದಲು ಹೋಯಿತು, ಮೈಸೂರು ಹೋಯಿತು, ಬೊಂಬಾಯಿಯ ಸಮುದ್ರ ಕಂದಾಗಿ ಸುರುಟಿಕೊಂಡಿತು. ಹಿಮದ ಬೆಟ್ಟ ಉರಿಯುವವರೆಗೂ ಅವಳು ನಿಂತಿದ್ದಳು. ಗಂಡ ಸತ್ತಾಗ ಅತ್ತಷ್ಟು ಅಳು ಬಂತು. ಆದರೆ ಅಳುವುದಕ್ಕೆ ಅದು ಹೊತ್ತಲ್ಲ.

ಪೆಟ್ಟಿಗೆ ಬೂದಿಯಾದ ಮೇಲೆ ಪೀಡೆ ಕಳೆಯಿತು ಎಂದುಕೊಂಡು ಜನ ಮತ್ತೆ ಬಾಗಿಲು ಹಾಕಿಕೊಂಡರು. ಸಂಜೀವಯ್ಯ ಕಟ್ಟೆಯ ಮೇಲೆ ಫ್ಲಾಸ್ಕು, ಸ್ಪಿರಿಟ್ಟು, ಹತ್ತಿ ಹರಡಿಕೊಂಡು ಕುಳಿತ. ಒಂದು ನರಪಿಳ್ಳೆಯೂ ಬರಲಿಲ್ಲ. ದಾಕಿನ ಸಲಾಕೆಯ ತುದಿಯಲ್ಲಿ ಮುಳ್ಳುಮುಳ್ಳಿನ ಒಂದು ಚಿಕ್ಕ ಬಿಲ್ಲೆ ಇರುತ್ತಿತ್ತು. ತೋಳಿನ ಮೇಲೆ ಔಷಧಿಯ ಹನಿ ಇಟ್ಟು, ಬಿಲ್ಲೆ ಒತ್ತಿ ತಿರುಗಿಸಿದರೆ ಚರ್ಮ ಕೆರೆದು ರಕ್ತ ಜಿನುಗುತ್ತಿತ್ತು. ಮಕ್ಕಳಿಗೆ ಅದನ್ನು ಕಂಡರೆ ಯಮನನ್ನು ಕಂಡಂತೆ.

ಚಾಂದ್ ಬಿ ಊರಾಚೆಯ ಬಾವಿಯ ನೀರಲ್ಲಿ ಕೈಕಾಲು ಮುಖ ತೊಳೆದು, ಹನುಮಕ್ಕ ದೂರದಿಂದ ಎಸೆದ ಹಳೆಯ ಸೀರೆ ಉಟ್ಟು, ಉಟ್ಟಿದ್ದದ್ದನ್ನು ಸುಟ್ಟು ಬಂದಳು. ಬೀದಿಯ ನಡುವೆ ಕುಳಿತು ಮೊದಲು ತನ್ನ ತೋಳನ್ನೇ ಚಾಚಿದಳು. "ನಿನಗೆ ಬೇಕಿಲ್ಲಮ್ಮ, ನಿನಗೆ ಬಂದು ಹೋಗಿದೆ" ಎಂದು ಸಂಜೀವಯ್ಯ ಮೆಲ್ಲಗೆ ಹೇಳಿದ. "ಆಕಿ ಸಾಮಿ, ಅವ್ರು ನೋಡ್ಲಿ" ಎಂದಳು. ಬಿಲ್ಲೆ ತಿರುಗಿತು. ಅವಳು ಹಲ್ಲು ಕಚ್ಚಿಕೊಂಡಳು. ಆಮೇಲೆ, ಕೈಯಲ್ಲಿ ಏನೂ ಇಲ್ಲದೆ, ಎದುರಿಗೆ ಏನೂ ಇಲ್ಲದೆ, ಕೂಗತೊಡಗಿದಳು.

"ಬನ್ರಪ್ಪಾ ಬನ್ನಿ, ಇಮದ ಬೆಟ್ಟ ಬಂತು! ಮೋಡಕ್ಕೆ ತಲೆ ಕೊಟ್ಟು ಮಲ್ಗೈತೆ. ಒಂದು ಕಲ್ಲು ಬಿಸಾಕಿದ್ರೆ ನಾಳೆ ಬೆಳಗ್ಗೆ ಕೆಳಗೆ ಬೀಳ್ತೈತೆ!"

ಧ್ವನಿ ಒಡೆದಿತ್ತು. ಮೊದಲು ಅದು ಅಳುವಿನಂತೆಯೇ ಕೇಳಿಸಿತು. ಬಾಗಿಲ ಸಂದಿಗಳಲ್ಲಿ ಕಣ್ಣುಗಳು ಕಾಣಿಸಿಕೊಂಡವು. ಮಕ್ಕಳಿಗೆ ಆ ದನಿಯ ಗುರುತಿತ್ತು. ಕಾಶಿ ಬಂತು, ಆಗ್ರಾ ಬಂತು. ದಿಲ್ಲಿ ಬರುವ ಹೊತ್ತಿಗೆ ಹನುಮಕ್ಕ ಇಂದ್ರಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ಇವಳಿಗೇನಾರ ಆದ್ರೆ ನಿನ್ನನ್ನ ನನ್ನ ಕೈಯಾರೆ ಕೊಲ್ತೀನಿ" ಎಂದಳು.

"ಆಗ್ಲಿ ತಾಯಿ."

ಚಾಂದ್ ಬಿ ಇಂದ್ರಿಯ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿದಳು. ಹುಡುಗಿಯ ರೆಪ್ಪೆಗಳು ಹೆದರಿದ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿದ್ದವು. "ಈಗ ಮರಳು ಬಂತು ನೋಡು ಬೇಟಿ. ಮನೆ ಇಲ್ಲ, ಮರ ಇಲ್ಲ, ಬರೀ ಮರಳು. ಅಗೋ ಒಂಟೆ ಬತ್ತಾ ಐತೆ. ಅದರ ಕತ್ತಿಗೆ ಗೆಜ್ಜೆ ಕಟ್ಟವ್ರೆ. ಯಾವ ಬಣ್ಣದ ದಾರ ಐತೆ ಏಳು?"

"ಕೆಂ... ಕೆಂಪು" ಎಂದಳು ಇಂದ್ರಿ. ಬಿಲ್ಲೆ ತಿರುಗಿತು. ಹುಡುಗಿ ಚೀರಿದಳು. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಓಬಳಯ್ಯ ತನ್ನ ಮನೆಯ ಮಕ್ಕಳನ್ನು ತಾನೇ ಹಿಡಿದು ನಿಲ್ಲಿಸಿದ. ಚಾಂದ್ ಬಿ ಕಣ್ಣು ಮುಚ್ಚುತ್ತಿದ್ದಳು, ಸಂಜೀವಯ್ಯ ಕೆರೆಯುತ್ತಿದ್ದ. ಕನ್ಯಾಕುಮಾರಿ ತಲುಪಿದ ಮೇಲೆ ಮತ್ತೆ ಹಿಮಾಲಯದಿಂದ ಶುರು. ಹೊತ್ತು ಮುಳುಗುವ ವೇಳೆಗೆ ಅವಳ ಗಂಟಲು ಪೂರ್ತಿ ಕಟ್ಟಿತ್ತು. ಕೊನೆಯ ಮನೆಯ ದಾಸಮ್ಮ ಮಾತ್ರ ಬರಲಿಲ್ಲ. ಎಳೆಗೂಸಿನ ಮೈ ಕೊಯ್ಯಲು ಕೊಡುವುದಿಲ್ಲ ಎಂದು ಹಿತ್ತಲಿನಿಂದ ತವರಿನ ಹೊಲಕ್ಕೆ ಹೊರಟುಹೋಗಿದ್ದಳು. ಚಾಂದ್ ಬಿ ಹೊಲದವರೆಗೂ ಹೋಗಿ ಕರೆದಳು. ದಾಸಮ್ಮ ಕೂಸನ್ನು ಎದೆಗವಚಿಕೊಂಡು ತೊಗರಿ ಸಾಲಿನೊಳಗೆ ಇನ್ನೂ ಒಳಕ್ಕೆ ಸರಿದಳು.

ಮಾರನೆಯ ದಿನ ಕರೇಕಲ್ಲಹಟ್ಟಿಯಲ್ಲೂ ಹಾಗೆಯೇ ನಡೆಯಿತು. ಅಲ್ಲಿ ಕಾಯಿಲೆ ಆಗಲೇ ಮನೆಯಿಂದ ಮನೆಗೆ ಹಬ್ಬಿತ್ತು. ದೊಡ್ಡವರೂ ಚಿಕ್ಕವರೂ ಸೇರಿ ಕೆಲವರು ಸತ್ತರು. ಲಕ್ಕಮ್ಮನ ಮಗು ಉಳಿಯಿತು.

ಅಲ್ಲಿಂದ ಚಾಂದ್ ಬಿ ಹುಣಸೇಕಟ್ಟೆಗೇ ಮರಳಿದಳು, ಶಿರಾಕ್ಕೆ ಹೋಗಲಿಲ್ಲ. ಯಾರಿಗೆ ಏನಾಗುತ್ತದೆಂದು ತಿಳಿಯುವವರೆಗೆ ಇನ್ನು ಹುಣಸೇಕಟ್ಟೆ ಬಿಡಬಾರದೆಂದು ಓಬಳಯ್ಯ ಅಪ್ಪಣೆ ಮಾಡಿದ್ದ. ಹೇಳದಿದ್ದರೂ ಅವಳು ಹೋಗುತ್ತಿರಲಿಲ್ಲ. ಊರಾಚೆಯ ಹಾಳು ಕೊಟ್ಟಿಗೆಯಲ್ಲಿ ಅವಳಿಗೆ ಜಾಗ ಕೊಟ್ಟರು. ಹನುಮಕ್ಕ ದಿನಾ ಮುದ್ದೆ, ಸಾರು ತಂದು ಕಲ್ಲಿನ ಮೇಲಿಟ್ಟು, ಮಾತಾಡದೆ ಹೋಗುತ್ತಿದ್ದಳು.

ಆ ಕಾಯುವಿಕೆಯೇ ಅವಳ ಬದುಕಿನ ಅತಿ ಭಯಂಕರ ಕಾಲ. ಮೊದಲು ದಾಕು ಹಾಕಿದ ತೋಳುಗಳು ಬಾತುಕೊಂಡವು. ಮಕ್ಕಳಿಗೆ ಜ್ವರ ಬಂತು. ದಾಕು ಹತ್ತಿದರೆ ಹಾಗಾಗುತ್ತದೆ ಎಂದು ಸಂಜೀವಯ್ಯ ಹೇಳಿಹೋಗಿದ್ದ. ಆದರೆ ಯಾರು ನಂಬುತ್ತಾರೆ? ಒಂದು ಮಧ್ಯಾಹ್ನ ಕೆಲವರು ದೊಣ್ಣೆ ಹಿಡಿದು ಕೊಟ್ಟಿಗೆಯ ಕಡೆ ಬಂದರು. ಚಾಂದ್ ಬಿ ಮೂಲೆಯಲ್ಲಿ ಮುದುರಿ ಕುಳಿತು ಕಲ್ಮಾ ಹೇಳಿಕೊಂಡಳು. ಓಬಳಯ್ಯ ಬಾಗಿಲಿಗೆ ಅಡ್ಡ ನಿಂತ. "ಜ್ವರ ಇಳೀಲಿಲ್ಲಾಂದ್ರೆ ನಾನೇ ಕರ್ದು ಕೊಡ್ತೀನಿ ಕಣ್ರಲಾ. ಇವತ್ ಓಗ್ರಿ" ಎಂದ. ಅವರು ಹೋದರು. ಆ ಮಾತು ಅವಳ ಕಿವಿಯಲ್ಲಿ ಉಳಿಯಿತು. ದಿನವೂ ಹನುಮಕ್ಕನ ಹೆಜ್ಜೆಯ ಸದ್ದಿಗೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮಕ್ಕಳು ಹೇಗಿದ್ದಾರೆಂದು ಕಣ್ಣಲ್ಲೇ ಕೇಳುತ್ತಿದ್ದಳು.

ಜ್ವರ ಇಳಿಯಿತು. ತೋಳಿನ ಗುಳ್ಳೆಗಳು ಒಣಗಿದವು. ಬೇರೆ ಗುಳ್ಳೆಗಳು ಏಳಲಿಲ್ಲ. ಇಂದ್ರಿಗೆ ಮಾತ್ರ ಹಣೆಯ ಮೇಲೆ ಒಂದೆರಡು ಎದ್ದು ಹಾಗೆಯೇ ಇಂಗಿಹೋದವು. ಯುಗಾದಿ ಹತ್ತಿರವಾದಾಗ ಹನುಮಕ್ಕ ಮೊದಲ ಸಲ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತಳು. "ದಾಸಮ್ಮನ ಕೂಸಿಗೆ ಆಗೈತೆ" ಎಂದಳು.

ಕೂ‌ಸು ಉಳಿಯಲಿಲ್ಲ. ಸುದ್ದಿ ಬಂದ ದಿನ ಚಾಂದ್ ಬಿ ಅನ್ನ ಮುಟ್ಟಲಿಲ್ಲ. ಮೂರು ನಾಲ್ಕು ದಿನ ಕಳೆದು ದಾಸಮ್ಮನೇ ಬಂದು ಕೊಟ್ಟಿಗೆಯ ಮುಂದೆ ನಿಂತಳು. ತಲೆ ಕೆದರಿತ್ತು. ಹಾಲು ಕಟ್ಟಿ ಕುಪ್ಪಸ ಒದ್ದೆಯಾಗಿತ್ತು. ಚಾಂದ್ ಬಿ ಎದ್ದು ಕೈಕಟ್ಟಿ ನಿಂತಳು. ಹೊಡೆಯಲಿ ಎಂದುಕೊಂಡಳು.

"ನಮ್ಮೂರಿಗ್ ಯಾಕ್ ಬಂದೆ ನೀನು?" ಎಂದಳು ದಾಸಮ್ಮ. ಅಷ್ಟೇ. ತಿರುಗಿ ಹೋದಳು.

ಮರುದಿನ ಓಬಳಯ್ಯ ಅವಳನ್ನು ಊರಿಗೆ ಹೋಗಲು ಬಿಟ್ಟ. ಶಿರಾದ ಮನೆಗೆ ಬಂದರೂ ಅವಳು ಹೊಸ್ತಿಲು ದಾಟಲಿಲ್ಲ. ಮೊಮ್ಮಗನಿಗೆ ದಾಕು ಹಾಕಿಸಿಕೊಂಡು ಬಾ ಎಂದು ಬೀದಿಯಿಂದಲೇ ಜಹೀದಾಳಿಗೆ ಹೇಳಿದಳು. "ಒಳಗ್ ಬಾ ಅಮ್ಮೀ, ಮಗು ಅಳ್ತಾ ಐತೆ" ಎಂದು ಜಹೀದಾ ಅತ್ತರೂ ಕೇಳಲಿಲ್ಲ. ಮಗುವಿನ ತೋಳಿನ ಗುಳ್ಳೆ ಒಣಗುವವರೆಗೂ ಮಸೀದಿಯ ಹಿಂದಿನ ಚಪ್ಪರದಡಿ ಮಲಗಿದಳು.

ಪೆಟ್ಟಿಗೆ ಇಲ್ಲದ ಮೇಲೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಸಂಜೀವಯ್ಯ ಹುಡುಕಿಕೊಂಡು ಬಂದ. ಅವನನ್ನು ಪಾವಗಡದ ಕಡೆಗೆ ಹಾಕಿದ್ದರು. ಹಳ್ಳಿಗಳಲ್ಲಿ ಮುಂದೆ ಹೋಗಿ ಜನರನ್ನು ಕರೆಯುವ ಕೂಲಿ ಕೆಲಸಕ್ಕೆ ಒಬ್ಬರು ಬೇಕಿತ್ತು. ಬೇರೆ ಯಾರೂ ಒಪ್ಪಿರಲಿಲ್ಲ. ಚಾಂದ್ ಬಿ ಹೋದಳು. ಅಲ್ಲಿಯ ಹಳ್ಳಿಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅವಳು ಎರಡನ್ನೂ ಕಲಸಿ ಕೂಗುತ್ತಿದ್ದಳು. ನಾಯಿ ಬಿಟ್ಟವರಿದ್ದರು, ಸಗಣಿನೀರು ಎರಚಿದವರಿದ್ದರು. "ಮಾ ಪಿಲ್ಲಲ್ನಿ ಮುಟ್ಟೊದ್ದು", ನಮ್ಮ ಮಕ್ಕಳನ್ನು ಮುಟ್ಟಬೇಡಿ, ಎಂದು ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತ ಅಜ್ಜಿಯರಿದ್ದರು. ಪ್ರತಿ ಊರಿನ ಮೊದಲ ಮನೆ ಕಂಡಾಗಲೂ ಅವಳು ಒಮ್ಮೆ ನಿಂತು, ಸೆರಗು ಬಿಗಿದುಕೊಂಡೇ ಮುಂದೆ ನಡೆಯುತ್ತಿದ್ದಳು. ಆ ಹೆದರಿಕೆ ಕೊನೆಯವರೆಗೂ ಹೋಗಲಿಲ್ಲ.

ಒಮ್ಮೆ ನಿಡುಗಲ್ಲಿನ ದಾರಿಯಲ್ಲಿ ಬಂಡೆಯ ನೆರಳಿಗೆ ಕುಳಿತಾಗ ಅವಳು ಸಂಜೀವಯ್ಯನನ್ನು ಕೇಳಿದಳು.

"ದಾಸಮ್ಮನ ಕೂಸಿಗೆ ನನ್ನ ಪೆಟ್ಟಿಗೆಯಿಂದ್ಲೇ ಬಂತಾ ಸಾಮಿ?"

ಅವನು ಬೀಡಿಯನ್ನು ಬಂಡೆಗೆ ಉಜ್ಜಿ ಆರಿಸಿದ. "ಅವಳ ತವರಿನ ಕಡೆಯೋರು ಕರೇಕಲ್ಲಹಟ್ಟಿಗೆ ಹೋಗಿ ಬರ್ತಿದ್ರಂತೆ. ಅಲ್ಲಿಂದ ಬಂತೋ, ನಿನ್ನಿಂದ ಬಂತೋ. ಇದನ್ನ ಯಾವ ಡಾಕ್ಟ್ರೂ ಹೇಳೋಕಾಗಲ್ಲ."

"ಅಲ್ಲ ಅಂತ ಏಳೋಕಾಗಲ್ವಾ?"

"ಸುಳ್ಳು ಹೇಳ್ಲಾ?"

"ಬ್ಯಾಡ" ಎಂದು ಅವಳು ಎದ್ದಳು.

ಅರವತ್ತೇಳರಲ್ಲಿ ಮೊಣಕಾಲು ಹಿಡಿದುಕೊಂಡ ಮೇಲೆ ಅವಳು ಶಿರಾದಲ್ಲೇ ಉಳಿದಳು. ಅವಳ ಓಣಿಯಲ್ಲಿ ಯಾರಿಗಾದರೂ ಹೆರಿಗೆಯಾದರೆ ಚಾಂದ್ ಬಿ ಕೋಲೂರಿಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಕೂಸನ್ನು ನೋಡಲು ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. ದಾಕು ಯಾವಾಗ ಹಾಕಿಸುತ್ತೀಯ ಎಂದಷ್ಟೇ ಕೇಳುತ್ತಿದ್ದಳು. ನಾಳೆ ಎಂದರೆ ನಾಳೆ ಬೆಳಗ್ಗೆ ಮತ್ತೆ ಬರುತ್ತಿದ್ದಳು. ಎಳೆಯ ತಾಯಂದಿರು ಅವಳ ಕೋಲಿನ ಸದ್ದು ಕೇಳಿಸಿದರೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೊಣಗುತ್ತಿದ್ದರು. ಗೊಣಗುತ್ತಲೇ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಡುತ್ತಿದ್ದರು. ಅವರು ಹಿಂದಿರುಗುವವರೆಗೂ ಚಾಂದ್ ಬಿ ಅವರ ಕಟ್ಟೆಯ ಮೇಲೆಯೇ ಕುಳಿತಿರುತ್ತಿದ್ದಳು.